ಇಳಿಯುವ ವಿಮಾನಗಳ ಕೆಳಗೆ

ವಾಗದರಿ, ತಾಲೂಕು ಅಕ್ಕಲಕೋಟ
೨ ನವೆಂಬರ್ ೨೦೨೫

ತಂಗಿ ಭಾಗಾಬಾಯಿಗೆ ಅಣ್ಣ ಭಗವಂತನ ಜೈ ಭೀಮ್.

ನಿನ್ನ ಮೊಣಕಾಲು ಹೇಗಿದೆ, ಮೊದಲು ಅದನ್ನು ಹೇಳು. ಕಳಿಸಿದ ಎಣ್ಣೆ ಹಚ್ಚುತ್ತೀಯೋ, ಇಲ್ಲಾ ಬಾಟಲಿ ಗೂಡಿನಲ್ಲಿ ಕೂತು ನಿನ್ನ ಮುಖ ನೋಡುತ್ತಿದೆಯೋ? ನಿನ್ನ ಮಗ ಸುಮೇಧನ ಬೆನ್ನುನೋವು ಇಳಿಯಿತೇ? ವಿಮಾನದ ಹೊಟ್ಟೆಯಿಂದ ಮಂದಿಯ ಪೆಟ್ಟಿಗೆ ಇಳಿಸುವ ಕೆಲಸ, ಬಾಗದೆ ಆಗುವುದಿಲ್ಲ. ಮೊಣಕಾಲು ಬಾಗಿಸಿ ಎತ್ತು, ಬೆನ್ನು ಬಾಗಿಸಬೇಡ ಎಂದು ಮಾಮಾ ಹೇಳಿದ ಅಂತ ಹೇಳು. ಅವನ ಹೆಂಡತಿಗೂ ನನ್ನ ನೆನಪು ತಿಳಿಸು. ಮೊಮ್ಮಗಳು ಕಾಜಲ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಯೇ? ಇಲ್ಲಿ ನಿನ್ನ ವೈನಿ ಸೋಮವ್ವ ಗಟ್ಟಿ ಇದ್ದಾಳೆ, ಅವಳ ಬಾಯಿ ಅವಳಿಗಿಂತ ಗಟ್ಟಿ. ನಮ್ಮ ಶುಭಮ ಸೋಲಾಪುರದ ಚಿಂಚೋಳಿ ಎಂಐಡಿಸಿಯ ಗೋದಾಮಿನಲ್ಲೇ ಇದ್ದಾನೆ, ವಾರದ ಸೂಟಿಗೆ ಬಂದು ಹೋಗುತ್ತಾನೆ. ಸೊಸೆ, ಮೊಮ್ಮಗ ಸೋನು ಆರಾಮ.

ಮೊನ್ನೆ ನೀನು ಫೋನ್ ಮಾಡಿದ್ದೆ. ಏನು ಹೇಳಿದೆಯೋ ದೇವರಾಣೆ ತಿಳಿಯಲಿಲ್ಲ. ಕಲ್ಲು ಒಡೆಯುವ ಖಡಿ ಮಷೀನು ತಿಂದು ಬಿಟ್ಟ ನನ್ನ ಕಿವಿಗೆ ಬರುವುದೇ ಅರ್ಧ ಮಾತು. ಆ ಅರ್ಧವನ್ನೂ ನಿನ್ನ ಸೂರಿನ ಮೇಲೆ ಇಳಿಯುವ ವಿಮಾನ ನುಂಗುತ್ತದೆ. ಕಾಗದವೇ ವಾಸಿ. ಆಮೇಲೆ ಶುಭಮನೇ ವಿಷಯ ಹೇಳಿದ. ವಿಮಾನತಳ ಇನ್ನೂ ಬೆಳೆಯುತ್ತದಂತೆ, ಅದರ ಗೋಡೆ ನಿಮ್ಮ ಪಂಚಶೀಲ ಚಾಳಿನ ಮೇಲೆ ಬರುತ್ತದಂತೆ, ಬದಲಿಗೆ ದೂರದ ಎತ್ತರದ ಕಟ್ಟಡದಲ್ಲಿ ಮನೆ ಕೊಡುತ್ತಾರಂತೆ.

ಬೆಳೆಯಲಿ, ಬೇಡ ಅನ್ನಲು ನಾವು ಯಾರು? ಅದರ ಹುಟ್ಟನ್ನೇ ನೋಡಿದವರು ನಾವು. ಕೂಲಿಗೆ ಕರೆದೊಯ್ದ ಮುಕಾದಮನ ಹಿಂದೆ ಅವ್ವ, ನೀನು, ನಾನು ಮುಂಬಯಿಯ ಸಹಾರಕ್ಕೆ ಹೋಗಿ ಇಳಿದಾಗ ಅಲ್ಲಿ ಏನಿತ್ತು ಹೇಳು. ಕೆಸರು, ಜೊಂಡು, ನಡುವೆ ಕಬ್ಬಿಣದ ಸರಳಿನ ಅಡವಿ. ನಾನು ಕಾಂಕ್ರೀಟ್ ಹೊರುತ್ತಿದ್ದೆ. ನೀನಿನ್ನೂ ಸಣ್ಣವಳು, ಹಾಕಿದ ಸ್ಲ್ಯಾಬಿನ ಮೇಲೆ ಗೋಣಿತಟ್ಟು ಹಾಸಿ ನೀರು ಹೊಡೆಯುವ ಕೆಲಸ ನಿನ್ನದು. ಒಂದು ಮೂಲೆ ಒಣಗಿದ್ದರೂ ಮುಕಾದಮ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದ. ಊಟದ ಹೊತ್ತಿಗೆ ಹಣಮಂತಪ್ಪ ಗೌಂಡಿ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಗೋಡೆಗೆ ಬಳಿದ ಹಸಿ ಗಿಲಾಯಿಯ ಮೇಲೆ ಮೊಳೆಯಿಂದ ಅ, ಆ ಬರೆದು ತೋರಿಸುತ್ತಿದ್ದ. ನಾವು ತಿದ್ದುತ್ತಿದ್ದೆವು. ಸಾಹೇಬ ಬರುವ ಹೊತ್ತಿಗೆ ಕರಣಿಯಿಂದ ಒಮ್ಮೆ ಎಳೆದರೆ ಎಲ್ಲ ನುಣುಪು. ಸಾಲಿಯ ಮೆಟ್ಟಿಲು ಹತ್ತದ ನಾವು ಈ ಹೊತ್ತು ಒಬ್ಬರಿಗೊಬ್ಬರು ಬರೆಯುತ್ತಿರುವುದು ಆ ಗೋಡೆಗಳ ಪುಣ್ಯ. ಆಮೇಲೆ ಆ ಟರ್ಮಿನಲನ್ನೂ ಒಡೆದು ಹೊಸದು ಕಟ್ಟಿದರು. ನಮ್ಮ ಅಕ್ಷರ ಯಾವ ಗುಂಡಿ ತುಂಬಲು ಹೋಯಿತೋ.

ಹೇಳಬೇಕಾದದ್ದು ಇಷ್ಟು. ನಿನ್ನ ಗಂಡ ಅಂಬಾದಾಸ ತೀರಿಹೋದ ಮೇಲೆ ಪ್ರತಿ ಕಾಗದದಲ್ಲೂ ಬಾ ಎಂದು ಬರೆದೆ. ಚಾಳ ಬಿಟ್ಟು ಹೇಗೆ ಬರಲಿ ಎಂದೆ ನೀನು. ಈಗ ಚಾಳವೇ ನಿನ್ನನ್ನು ಬಿಡುತ್ತಿದೆ. ಹಿತ್ತಲಿನ ದನದ ಕೊಟ್ಟಿಗೆ ತೆಗೆಸಿ ಅಲ್ಲಿ ನಿನಗೊಂದು ಖೋಲಿ ಕಟ್ಟಿಸುತ್ತಿದ್ದೇನೆ. ಬುನಾದಿ ಆಗಿದೆ. ಬಂದು ಇಲ್ಲೇ ಇದ್ದುಬಿಡು. ಉತ್ತರ ಬರೆ.

ನಿನ್ನ ಅಣ್ಣ
ಭಗವಂತ


ಪಂಚಶೀಲ ಚಾಳ, ಮುಂಬಯಿ
೨೪ ನವೆಂಬರ್ ೨೦೨೫

ಅಣ್ಣನಿಗೆ ಭಾಗಾಬಾಯಿಯ ಜೈ ಭೀಮ್.

ಎಣ್ಣೆ ಹಚ್ಚುತ್ತೇನೆ. ಮೊಣಕಾಲು ಅದಕ್ಕೆ ಬೆಲೆ ಕೊಡುವುದಿಲ್ಲ. ಸುಮೇಧ ಬೆನ್ನಿಗೆ ಪಟ್ಟಾ ಕಟ್ಟಿಕೊಂಡು ಡ್ಯೂಟಿಗೆ ಹೋಗುತ್ತಾನೆ. ವೈನಿಯ ಬಾಯಿ ಗಟ್ಟಿ ಇರುವುದು ಓದಿ ಸಮಾಧಾನವಾಯಿತು, ಆ ಮನೆಯಲ್ಲಿ ಕಿವಿಯಂತೂ ಗಟ್ಟಿ ಇಲ್ಲ, ಬಾಯಿಯಾದರೂ ಇರಲಿ.

ನೀನು ಕೇಳಿದ ಸುದ್ದಿ ನಿಜ. ನಮ್ಮ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ. ನಾನು ವಾರಕ್ಕೊಮ್ಮೆ ತೊಳೆದು ಇಟ್ಟುಕೊಂಡ ಬಾಗಿಲು ಅದು. ಬರೆದ ಹುಡುಗ ಒಳ್ಳೆಯವನೇ, ನೀರು ಕೇಳಿ ಕುಡಿದ. ಹೊಸ ಮನೆ ಹನ್ನೊಂದನೆಯ ಮಹಡಿಯಲ್ಲಂತೆ. ಒಂದು ಕೋಣೆ, ಒಂದು ಅಡುಗೆ ಜಾಗ, ಮನೆಯೊಳಗೇ ಪಾಯಖಾನೆ. ಸೊಸೆಗೆ ಖುಷಿ. ಇಷ್ಟು ವರ್ಷ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವಳು, ಯಾಕೆ ಖುಷಿ ಆಗಬಾರದು? ಚಳಿ ಕಳೆಯುವ ಹೊತ್ತಿಗೆ ಎಲ್ಲರೂ ಚಾಳ ಬಿಡಬೇಕು.

ಕಾಜಲಳಿಗೆ ಕೆಲಸ ಸಿಕ್ಕಿದೆ. ಸಮುದ್ರದ ಖಾಡಿಯ ಆಚೆ ಕಟ್ಟಿದ ಹೊಸ ವಿಮಾನತಳದಲ್ಲಿ, ಮಂದಿಯ ಟಿಕೀಟು ನೋಡಿ ಸೀಟು ಕೊಡುವ ಕೆಲಸ. ಇನ್ನೂ ವಿಮಾನ ಶುರುವಾಗಿಲ್ಲ, ಕಲಿಸುತ್ತಿದ್ದಾರೆ. ಒಳಗೆಲ್ಲ ಬಣ್ಣದ ವಾಸನೆಯಂತೆ. ನಮ್ಮ ಸಹಾರದ ವಾಸನೆ ನನಗೆ ನೆನಪಾಯಿತು, ಹಸಿ ಸಿಮೆಂಟು ಮತ್ತು ನೆನೆದ ಗೋಣಿ. ಅವಳಿಗೆ ಹೇಳಿದರೆ ನಕ್ಕಳು. ಅವಳ ಮುತ್ತಜ್ಜಿ ತಲೆಯ ಮೇಲೆ ಹೊತ್ತಳು, ಅಜ್ಜ ಅಂಬಾದಾಸ ಕಸಬರಿಗೆ ಹಿಡಿದ, ಅಪ್ಪ ಪೆಟ್ಟಿಗೆ ಇಳಿಸಿದ, ಇವಳು ಕುರ್ಚಿಯ ಮೇಲೆ ಕೂತು ನಗುವ ಕೆಲಸ ಮಾಡುತ್ತಾಳೆ. ಒಂದೊಂದು ಪೀಳಿಗೆಗೆ ಒಂದೊಂದು ಬಾಗಿಲು ಒಳಗೆ ಹೋದಂತೆ.

ಅಣ್ಣ, ಬಾ ಎಂದು ನೀನು ಬರೆದದ್ದನ್ನು ಸುಮೇಧನಿಗೆ ಓದಿ ಹೇಳಿದೆ. ಅವನು, "ಅವ್ವಾ, ನೀ ಎಲ್ಲಿ ಇರ್ತೀನಿ ಅಂತೀಯೋ ಅಲ್ಲಿ ಇರು. ನಾ ಹೂಂ ಅನ್ನಂಗಿಲ್ಲ, ಊಹೂಂ ಅನ್ನಂಗಿಲ್ಲ" ಎಂದ. ಒಳ್ಳೆಯ ಮಾತೇ. ಆದರೂ ನನಗೆ ಯಾಕೋ ಬೇಜಾರಾಯಿತು.

ಕಾಜಲ ಒಂದು ಹುನ್ನಾರ ಹೂಡಿದ್ದಾಳೆ. "ಅಜ್ಜಿ, ವಿಮಾನದ ಬುಡಕ ಮುದುಕಿ ಆದಿ, ಒಂದರೆ ಸಲ ಒಳಗ ಕೂತೀ ಏನ?" ಎಂದು ಹಂಗಿಸಿ, ತನ್ನ ಮೊದಲ ಪಗಾರದಲ್ಲಿ ಸೋಲಾಪುರಕ್ಕೆ ಟಿಕೀಟು ತೆಗೆಯುತ್ತಾಳಂತೆ. ಈಗ ಅಲ್ಲಿಗೂ ವಿಮಾನ ಇಳಿಯುತ್ತದೆಯಲ್ಲ. ಸಂಕ್ರಾಂತಿ ಆದ ಮೇಲೆ ಬರುತ್ತೇನೆ. ಒಂದು ತಿಂಗಳು ಇದ್ದು ನೋಡುತ್ತೇನೆ. ಮನಸ್ಸು ನಿಂತರೆ ಅಲ್ಲೇ, ಇಲ್ಲದಿದ್ದರೆ ಹನ್ನೊಂದನೆಯ ಮಹಡಿ. ಈಗಲೇ ಮಾತು ಕೊಡು ಅನ್ನಬೇಡ.

ತಂಗಿ
ಭಾಗಾಬಾಯಿ


ವಾಗದರಿ
೯ ಡಿಸೆಂಬರ್ ೨೦೨೫

ತಂಗಿ ಭಾಗಾ,

ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಈ ಸಲವೂ ಡಿಸೆಂಬರ್ ಆರಕ್ಕೆ ದಾದರಿಗೆ ಹೋಗಲು ನನ್ನಿಂದ ಆಗಲಿಲ್ಲ. ಊರಿನವರು ಹೋಗಿ ಬಾಬಾಸಾಹೇಬರಿಗೆ ನಮಸ್ಕಾರ ಮಾಡಿ ಬಂದರು, ನನ್ನ ಪಾಲಿನ ಹೂವನ್ನೂ ಅವರ ಕೈಯಲ್ಲೇ ಕೊಟ್ಟಿದ್ದೆ. ಕಾಲು ಗಟ್ಟಿ ಇದ್ದಾಗ ಸಾಲಿನಲ್ಲಿ ನಿಂತು ದರ್ಶನ ಮುಗಿಸಿ, ಅಲ್ಲಿಂದ ನಿನ್ನ ಮನೆಗೆ ಬಂದು ರೊಟ್ಟಿ ಪುಂಡಿಪಲ್ಯ ತಿನ್ನುತ್ತಿದ್ದೆ. ಮಾತಿನ ನಡುವೆ ವಿಮಾನ ಬಂದಾಗಲೆಲ್ಲ ನೀವೆಲ್ಲರೂ ಬಾಯಿ ಮುಚ್ಚಿ, ಅದು ದಾಟಿದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದಿರಿ. ನನಗೆ ಅದೇ ನಗು. ತುತ್ತು ಎತ್ತಿದವರು ಎತ್ತಿದಂತೆಯೇ ಇರುತ್ತಿದ್ದಿರಿ. ನಗುತ್ತಲೇ ಮರುಕವಾಗುತ್ತಿತ್ತು. ನನ್ನ ತಂಗಿಗೆ ಒಂದು ಗಳಿಗೆ ಶಾಂತಿ ಇಲ್ಲವಲ್ಲ ಎಂದು ರೈಲಿನಲ್ಲಿ ಊರು ಮುಟ್ಟುವ ತನಕ ಅದೇ ಯೋಚನೆ.

ಅದಕ್ಕೆ ಈಗ ಖೋಲಿಯನ್ನು ನಾನೇ ನಿಂತು ಕಟ್ಟಿಸಿದ್ದೇನೆ. ಕರಿಕಲ್ಲಿನ ಗೋಡೆ, ಮೊಳಕ್ಕಿಂತ ದಪ್ಪ. ಕಿಟಕಿ ಒಂದೇ, ಸಣ್ಣದು, ರಸ್ತೆಗೆ ಬೆನ್ನು ಮಾಡಿ ಇಟ್ಟಿದ್ದೇನೆ. ಬಾಗಿಲ ಸಂದಿಗೆ ಶುಭಮ ಗೋದಾಮಿನಿಂದ ರಬ್ಬರ್ ಪಟ್ಟಿ ತಂದು ಬಡಿದಿದ್ದಾನೆ. ಗೌಂಡಿ ನೋಡಿ, "ಕಾಕಾ, ಮನಷ್ಯಾರು ಇರಾಕೋ, ಜ್ವಾಳಾ ತುಂಬಾಕೋ?" ಎಂದು ಕೇಳಿದ. ಅವನಿಗೇನು ಗೊತ್ತು. ಒಳಗೆ ನಿಂತು ಬಾಗಿಲು ಹಾಕಿದರೆ ಸೋಮವ್ವನ ಬಾಯಿ ಕೂಡ ಕೇಳುವುದಿಲ್ಲ. ನನ್ನ ಕಿವಿಯ ಮಾತಲ್ಲ, ಸೋನುವನ್ನು ನಿಲ್ಲಿಸಿ ಪರೀಕ್ಷೆ ಮಾಡಿದ್ದೇನೆ.

ಮೇಲೆ ಸ್ಲ್ಯಾಬು ಬಿದ್ದಿದೆ. ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ, ದಿನಾ ನಾನೇ ಏಣಿ ಹತ್ತಿ ಕೊಡದಿಂದ ಸುರಿಯುತ್ತೇನೆ. ನಿನ್ನ ಕೆಲಸವನ್ನು ಮುದುಕನಾದ ಮೇಲೆ ನಾನು ಮಾಡುತ್ತಿದ್ದೇನೆ ನೋಡು. ಕೆಳಗೆ ನಿಂತು ನಿನ್ನ ವೈನಿ ಕೇರಿಗೆಲ್ಲ ಸಾರುತ್ತಾಳೆ, "ತಂಗಿ ಬರ್ತಾಳಂತ ಸ್ಲ್ಯಾಬಿಗೆ ನೀರ ಕುಡಸಾಕತ್ತಾನ. ನನಗ ಎಂದರೆ ಒಂದ ತಂಬಿಗಿ ತುಂಬಿ ಕೊಟ್ಟಾನೇನ ಕೇಳ್ರಿ."

ವಿಮಾನದಲ್ಲಿ ಹೆದರಬೇಡ. ನಾನೂ ಕೂತಿಲ್ಲ, ಆದರೂ ಹೇಳುತ್ತೇನೆ, ಕಿವಿ ಕಟ್ಟಿದರೆ ಉಗುಳು ನುಂಗಬೇಕಂತೆ. ಸೋಲಾಪುರದ ಹೋಟಗಿ ರಸ್ತೆಯ ವಿಮಾನತಳದ ಹೊರಗೆ ಶುಭಮನೂ ನಾನೂ ನಿಂತಿರುತ್ತೇವೆ. ಬರುವಾಗ ಭಾರ ತರಬೇಡ. ಹಾಸಿಗೆ ಹೊಸದು ಹೊಲಿಸಿದ್ದೇನೆ, ಹೊರಸು ಹೊಸದು ಹೆಣೆಸಿದ್ದೇನೆ. ಇಷ್ಟು ವರ್ಷ ಇಲ್ಲದ ನಿದ್ದೆಯನ್ನೆಲ್ಲ ಬಂದು ಇಲ್ಲಿ ಮಾಡು.

ಅಣ್ಣ
ಭಗವಂತ


ವಾಗದರಿ
೨೦ ಫೆಬ್ರುವರಿ ೨೦೨೬

ತಂಗಿ ಭಾಗಾ,

ಸುಖವಾಗಿ ಮುಟ್ಟಿದ್ದೀಯೆಂದು ಸುಮೇಧ ಶುಭಮನಿಗೆ ತಿಳಿಸಿದ. ಸಾಮಾನು ಸಾಗಿಸುವ ಗದ್ದಲದಲ್ಲಿದ್ದೀರಿ ಎಂದೂ ಹೇಳಿದ. ಮೊಣಕಾಲಿನ ಮೇಲೆ ಭಾರ ಹಾಕಬೇಡ.

ಒಂದು ತಿಂಗಳು ಎಂದವಳು ತಿಂಗಳು ತುಂಬುವ ಮೊದಲೇ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತೆ. ಯಾಕೆ ಎಂದು ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಕೇಳಿದರೆ ಉತ್ತರ ಕೊಡುತ್ತಿದ್ದೆಯಲ್ಲ, ಅದಕ್ಕೇ ಕೇಳಲಿಲ್ಲ. ಈಗ ಕಾಗದದ ಮೇಲೆ ಕೇಳುತ್ತೇನೆ. ಅದಕ್ಕೆ ಮೊದಲು, ನಿನಗೆ ಗೊತ್ತಿರದ ಒಂದು ಸಂಗತಿ ಹೇಳಬೇಕು. ಗೊತ್ತಿರಲು ಸಾಧ್ಯವಿಲ್ಲ, ಆಗ ನೀನು ನಿದ್ದೆಯಲ್ಲಿದ್ದೆ.

ಬಂದ ಮೊದಲ ವಾರ ನಿನ್ನ ಕಣ್ಣು ಬಾತಿದ್ದವು. ಸೋಮವ್ವ, ಅಳ್ತಾಳ ಎಂದಳು. ನಾನು ಅಂಬಾದಾಸನ ನೆನಪಾಗಿರಬೇಕು ಎಂದುಕೊಂಡೆ. ಖೋಲಿ ಹೇಗಿದೆ ಎಂದರೆ, "ಭಾಳ ಚಲೋ ಕಟ್ಟಸೀದಿ ಅಣ್ಣಾ" ಎನ್ನುತ್ತಿದ್ದೆ, ನೆಲ ನೋಡುತ್ತ. ಆಮೇಲೆ ಒಂದು ಮಧ್ಯಾಹ್ನ ನೀನು ಕಾಣಲಿಲ್ಲ. ಡಬ್ಬಿಯಲ್ಲಿ ಜೋಳ ತುಂಬಿಕೊಂಡು ಗಿರಣಿಗೆಂದು ಹೋದವಳು ತಿರುಗಿ ಬರಲಿಲ್ಲ. ಸೋಮವ್ವ ಬಾವಿಯ ಕಡೆ ಹೋದಳು, ನಾನು ಎಸ್‌ಟಿ ಸ್ಟ್ಯಾಂಡಿಗೆ ಹೋದೆ. ಹೇಳದೆ ಬಸ್ಸು ಹತ್ತಿದೆಯೇನೋ ಎಂದು ಕಂಡಕ್ಟರನನ್ನೂ ಕೇಳಿದೆ. ಕೊನೆಗೆ ಇಬ್ಬರೂ ಗಿರಣಿಗೆ ಬಂದು ನೋಡಿದರೆ, ಮೈಲಾರಲಿಂಗನ ಗಿರಣಿ ಗಡಗಡ ನಡೆದಿದೆ, ಪಟ್ಟಾ ಹೊಡೆದುಕೊಳ್ಳುತ್ತಿದೆ, ಹಿಟ್ಟು ಹಾರುತ್ತಿದೆ, ನೀನು ಗೋಧಿ ಚೀಲಕ್ಕೆ ಒರಗಿ ಬಾಯಿ ತೆರೆದು ಮಲಗಿದ್ದೀ. ಹುಬ್ಬೆಲ್ಲ ಬೆಳ್ಳಗೆ. ಸಣ್ಣವಳಿದ್ದಾಗ ಸಿಮೆಂಟ್ ಚೀಲಗಳ ಮೇಲೆ ಹೀಗೇ ಮಲಗುತ್ತಿದ್ದೆ.

ಸೋಮವ್ವ ಎಬ್ಬಿಸಲು ಹೋದಳು. ಮೈಲಾರಲಿಂಗ ಕೈ ಅಡ್ಡ ಹಿಡಿದ. ಗಿರಣಿಯ ಸದ್ದಿನಲ್ಲಿ ನನಗೇನೂ ಕೇಳಲಿಲ್ಲ, ಮಾತೆಲ್ಲ ಆಮೇಲೆ ಸೋಮವ್ವನೇ ಹೇಳಿದ್ದು.

"ಎಬ್ಬಸಬ್ಯಾಡ್ರಿ ಕಾಕು. ಬೀಸೂದ ನಿಲ್ಲಸಿದ್ರ ಕಣ್ಣ ತೆರಿತಾರ, ಸುರು ಮಾಡಿದ್ರ ಮುಚ್ಚತಾರ. ನಾ ಎರಡ ಸಲ ನೋಡೀನಿ."

"ಹಂಗಾರ ಏನ, ಖಾಲಿ ಗಿರಣಿ ತಿರಗಸ್ತೀ?"

"ದನದ ಹಿಂಡಿ ಐತಿ, ಅದನ್ನ ಹಾಕ್ತೀನಿ. ಹಿಂದ ನಿಂತಾವರು ನಿಂದರಲಿ, ಅವರ ಮನ್ಯಾಗೂ ಅಕ್ಕ ತಂಗೇರ ಅದಾರ."

ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರು ಒಬ್ಬರೂ ಬಾಯಿ ಬಿಡಲಿಲ್ಲ. ವಾಗದರಿಯಲ್ಲಿ ಇದು ಸಣ್ಣ ಮಾತಲ್ಲ. ಆಮೇಲೆ ಕರೆಂಟ್ ಹೋಯಿತು. ಗಿರಣಿ ನಿಂತಿತು. ನೀನು ದಡಕ್ಕನೆ ಎದ್ದು ಎಲ್ಲರ ಮುಖ ನೋಡಿ, "ಯಾಕ, ಏನಾತು?" ಎಂದು ಕೇಳಿದೆ. ಎಲ್ಲೋ ಏನೋ ಅನಾಹುತ ಆಯಿತು ಎಂಬಂತೆ.

ಆಗ ನನಗೆ ತಿಳಿಯಿತು. ಅಲ್ಲಿಂದ ಮುಂದೆ ನೀನು ದಿನಾ ಏನಾದರೊಂದು ಬೀಸಿಸುವ ನೆವ ತೆಗೆದು ಹೋಗುತ್ತಿದ್ದೆ. ಈಗ ಮನೆಯಲ್ಲಿ ಹಿಟ್ಟಿನ ರಾಶಿ. ಹುಳ ಬೀಳುತ್ತದೆ ಎಂದು ಸೋಮವ್ವ ನೆರೆಯವರಿಗೆಲ್ಲ ಹಂಚುತ್ತಿದ್ದಾಳೆ.

ಶಾಂತಿ ಕೊಡುತ್ತೇನೆ ಎಂದು ನಿನ್ನನ್ನು ಜೋಳ ತುಂಬುವ ಹಗೇವಿನಲ್ಲಿ ಇಟ್ಟೆನೇ ಭಾಗಾ? ಹಾಗಿದ್ದರೆ ಗೋಡೆ ಒಡೆಸುತ್ತೇನೆ. ರಸ್ತೆಯ ಕಡೆ ದೊಡ್ಡ ಕಿಟಕಿ ಇಡಿಸುತ್ತೇನೆ, ಟ್ರ್ಯಾಕ್ಟರು, ಕಬ್ಬಿನ ಗಾಡಿ ಎಲ್ಲ ಕೇಳುತ್ತವೆ. ಶುಭಮ ಮೊಬೈಲಿನಲ್ಲಿ ವಿಮಾನದ ಸದ್ದು ಹಾಕಿಕೊಡುತ್ತೇನೆ ಎನ್ನುತ್ತಾನೆ. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ.

ಇನ್ನೊಂದು ಮಾತು ನನಗೆ ಒಗಟಾಗಿ ಉಳಿದಿದೆ. ಹೋಗುವ ಹಿಂದಿನ ಸಂಜೆ ಇಬ್ಬರೂ ಹೊಸ ಸ್ಲ್ಯಾಬಿನ ಮೇಲೆ ಕೂತಿದ್ದೆವು. ಎತ್ತರದಲ್ಲಿ ಒಂದು ವಿಮಾನ ಬಿಳಿ ಗೆರೆ ಎಳೆದುಕೊಂಡು ಹೈದರಾಬಾದಿನ ಕಡೆ ಹೋಯಿತು. ನಿನಗೆ ಖುಷಿಯಾಗಲಿ ಎಂದು ಬೆರಳು ಮಾಡಿ ತೋರಿಸಿದೆ. ನೀನು ನೋಡಿ, "ಇಲ್ಲಿ ಎಲ್ಲಾ ಮ್ಯಾಲಿಂದ ಮ್ಯಾಲ ಹೋಗ್ತಾವ ಅಣ್ಣಾ, ಯಾವುದೂ ಇಳಿಯಂಗಿಲ್ಲ" ಎಂದೆ. ಸೋಲಾಪುರದಲ್ಲಿ ಇಳಿದೇ ಬಂದವಳು ಹೀಗೆ ಯಾಕೆ ಹೇಳಿದೆ? ಕೇಳಲಿಲ್ಲ. ಈಗ ಕೇಳುತ್ತೇನೆ.

ಮತ್ತೆ ಬರುತ್ತೀಯೋ ಇಲ್ಲವೋ, ಬಿಚ್ಚಿ ಬರೆ.

ಅಣ್ಣ
ಭಗವಂತ


ಮುಂಬಯಿ, ಹೊಸ ಮನೆಯಿಂದ
೧೮ ಮಾರ್ಚ್ ೨೦೨೬

ಅಣ್ಣನಿಗೆ ಭಾಗಾಬಾಯಿಯ ಜೈ ಭೀಮ್.

ತಡವಾಯಿತು. ಸುಮೇಧನ ಬೆನ್ನು ಸಾಮಾನು ಸಾಗಿಸುವುದರಲ್ಲಿ ಮತ್ತೆ ಹಿಡಿದುಕೊಂಡಿದೆ. ಕಾಜಲ ಗಟ್ಟಿ ಇದ್ದಾಳೆ. ಮೈಲಾರಲಿಂಗನಿಗೆ ನಾನು ನೆನಸಿದೆ ಎಂದು ಹೇಳು. ನನ್ನ ನಿದ್ದೆಗಾಗಿ ಒಂದು ಊರು ಡಬ್ಬಿ ಹಿಡಿದು ನಿಂತದ್ದನ್ನು ಓದಿ ಸೆರಗು ಕಣ್ಣಿಗೆ ಹೋಯಿತು, ಸೊಸೆ ಏನೋ ಆಯಿತೆಂದು ಓಡಿ ಬಂದಳು.

ಬಿಚ್ಚಿ ಬರೆ ಎಂದಿದ್ದೀ, ಬರೆಯುತ್ತೇನೆ.

ನಮ್ಮ ಚಾಳಿನಲ್ಲಿ ಒಂದು ರೂಢಿ ಇತ್ತು. ನೀನು ಬಂದು ಹೋದ ದಿನಗಳಲ್ಲಿ ಅಂಥ ಪ್ರಸಂಗ ಬಂದಿರಲಿಲ್ಲ, ಅದಕ್ಕೆ ನಿನಗೆ ತಿಳಿಯದು. ನಮ್ಮ ಸೂರಿನ ಮೇಲೆ ವಿಮಾನ ಇಳಿಯುತ್ತಿದ್ದವು, ಏರುತ್ತಿರಲಿಲ್ಲ. ಏರುವುದು ಆಚೆ ತುದಿಯಲ್ಲಿ, ಸಮುದ್ರದ ಕಡೆ. ಹೋಗುವವರು ನಮಗೆ ಕಾಣುವುದಿಲ್ಲ, ಬರುವವರು ಮಾತ್ರ. ಚಾಳಿನ ಹುಡುಗರು ಕೆಲಸಕ್ಕೆಂದು ದುಬೈ, ಮಸ್ಕತ್ ಹೋಗುತ್ತಿದ್ದರು. ತಿರುಗಿ ಬರುವ ದಿನ ಅವರ ಮನೆಯವರು ಸೂರಿನ ತಗಡಿನ ಪತ್ರೆಯ ಮೇಲೆ ಕೆಂಪು ಚಾದರ ಹಾಸಿ ಅಂಚಿಗೆ ಕಲ್ಲು ಇಡುತ್ತಿದ್ದರು. ಕಿಟಕಿಯಿಂದ ನೋಡಿದವನಿಗೆ, ಮನೆ ಇಲ್ಲೇ ಇದೆ, ನಾವೂ ಇದ್ದೇವೆ ಎಂದು ಗೊತ್ತಾಗಲಿ ಅಂತ. ಬಂದವನು ಕಂಡಿತು ಎಂದರೂ ಸರಿ, ನಿದ್ದೆ ಹತ್ತಿತ್ತು ಎಂದರೂ ಸರಿ, ಹಾಸುವುದನ್ನು ಯಾರೂ ತಪ್ಪಿಸಲಿಲ್ಲ. ಯಾರ ಮನೆಯ ಚಾದರವೇ ಇರಲಿ, ಇಡೀ ಗಲ್ಲಿಯೇ ಮೇಲೆ ನೋಡುತ್ತಿತ್ತು. ನಾನು ಎಷ್ಟೋ ಮಂದಿಗೆ ಹಾಸಿದ್ದೇನೆ. ನನಗಾಗಿ ಯಾರೂ ಹಾಸಿರಲಿಲ್ಲ, ನಾನು ಎಲ್ಲಿಗೆ ಹೋಗಿದ್ದೆ?

ಸೋಲಾಪುರದಿಂದ ಬರುವಾಗ ಕಾಜಲ ಕಿಟಕಿಯ ಸೀಟೇ ಕೊಡಿಸಿದ್ದಳು. ವಿಮಾನ ಬಾಗಿ ಕೆಳಗೆ ಬಂತು. ಮೊದಲು ಕಟ್ಟಡ, ಆಮೇಲೆ ರಸ್ತೆ, ಆಮೇಲೆ ನಮ್ಮ ಗಲ್ಲಿ. ಅರ್ಧ ಚಾಳ ಆಗಲೇ ತೆಗೆದಿದ್ದರು. ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ನಡುವೆ ಕೆಂಪಗೆ ಒಂದು ಚಾದರ. ಸುಮೇಧ ಪಕ್ಕದಲ್ಲಿ ನಿಂತು ಎರಡೂ ಕೈ ಎತ್ತಿದ್ದ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ ಎಂದವನು, ಬೆನ್ನಿಗೆ ಪಟ್ಟಾ ಕಟ್ಟಿಕೊಂಡು ಪತ್ರೆ ಹತ್ತಿದ್ದ. ಪಕ್ಕದ ಸೀಟಿನ ಹೆಂಗಸು ನನ್ನನ್ನು ನೋಡಿ, ಅಜ್ಜಿಗೆ ಹೆದರಿಕೆಯಾಯಿತು ಎಂದುಕೊಂಡು ಕೈ ಹಿಡಿದಳು.

ಅಣ್ಣ, ನಾನು ಬರುವುದಿಲ್ಲ. ಗೋಡೆ ಒಡೆಸಬೇಡ, ಅದು ಒಳ್ಳೆಯ ಗೋಡೆ. ನಿನ್ನ ಖೋಲಿಯ ತಪ್ಪಲ್ಲ, ವೈನಿಯ ಬಾಯಿಯ ತಪ್ಪಂತೂ ಅಲ್ಲವೇ ಅಲ್ಲ. ನಾನು ಬರುವವರ ಕೆಳಗೆ ಇದ್ದು ಇದ್ದು ಹಾಗೆ ಆಗಿಬಿಟ್ಟಿದ್ದೇನೆ. ಸದ್ದು ಇಲ್ಲದಿದ್ದರೆ ಯಾರೂ ಬರುತ್ತಿಲ್ಲ ಎನಿಸುತ್ತದೆ. ಅದಕ್ಕೇ ಆ ಸಂಜೆ ಹಾಗೆಂದೆ.

ಹೋಗುವುದನ್ನು ನಾನು ನೋಡಿದ್ದು ಒಂದೇ ಸಲ. ಕಿವಿ ಕೆಟ್ಟು ಕೆಲಸ ಬಿಡಿಸಿದಾಗ ನೀನು ಊರಿಗೆ ಹೊರಟೆಯಲ್ಲ, ಆ ದಿನ. ನಾನು ದಾದರ್ ಸ್ಟೇಷನ್ನಿನ ಹಳಿ ದಾಟುವ ಪುಲಿನ ಮೇಲೆ ನಿಂತಿದ್ದೆ. ಕೆಳಗೆ ಇಳಿದು ಬಂದರೆ ಬಿಡುವುದಿಲ್ಲ ಎಂದು ನಿನ್ನ ಕಾಲು ಹಿಡಿಯುತ್ತಿದ್ದೆನೋ ಏನೋ, ಅದಕ್ಕೆ ಮೇಲೆಯೇ ನಿಂತೆ. ಗಾಡಿಯ ಕೊನೆಯ ಡಬ್ಬಿ ಹೋಗುವ ತನಕ ನೋಡಿದೆ. ಆಮೇಲೆ ಹೋಗುವುದನ್ನು ನೋಡಬೇಕು ಎಂದು ನನಗೆ ಎಂದೂ ಅನಿಸಲಿಲ್ಲ.

ಈ ಹನ್ನೊಂದನೆಯ ಮಹಡಿಯಿಂದ ವಿಮಾನ ದೂರದಲ್ಲಿ ಕಾಣುತ್ತವೆ, ಒಂದರ ಹಿಂದೊಂದು, ಸಾಲಿಯ ಹುಡುಗರ ಹಾಗೆ. ಸದ್ದು ಸಣ್ಣಗೆ ಬರುತ್ತದೆ. ಕಿಟಕಿ ತೆರೆದಿಟ್ಟು ಮಲಗುತ್ತೇನೆ, ನಿದ್ದೆ ಅರ್ಧಮರ್ಧ ಆಗುತ್ತದೆ. ಚಾಳಿನವರು ಬೇರೆ ಬೇರೆ ಮಹಡಿಗೆ ಚದುರಿದ್ದಾರೆ, ಲಿಫ್ಟಿನಲ್ಲಿ ಸಿಕ್ಕರೆ ಇಳಿಯಲು ಮರೆತು ಮಾತಾಡುತ್ತೇವೆ. ಕಾಜಲ ಡ್ಯೂಟಿ ಮುಗಿಸಿ ಖಾಡಿ ದಾಟಿ ಬರುತ್ತಾಳೆ. ಅವಳು ಬಂದಾಗ ಬಾಗಿಲು ತೆರೆಯುವವಳು ನಾನು. ನನಗೆ ಆ ಕೆಲಸವೊಂದು ಸಾಕು.

ಸಿಟ್ಟಾಗಬೇಡ. ಸಿಟ್ಟಾದರೂ ಬರೆಯುವುದನ್ನು ಬಿಡಬೇಡ.

ತಂಗಿ
ಭಾಗಾಬಾಯಿ


ವಾಗದರಿ
೧೬ ಏಪ್ರಿಲ್ ೨೦೨೬

ತಂಗಿ ಭಾಗಾ,

ನಿನ್ನ ಮೊಣಕಾಲು, ಸುಮೇಧನ ಬೆನ್ನು, ಸೊಸೆ, ಕಾಜಲ, ಎಲ್ಲ ಹೇಗಿದ್ದೀರಿ? ಮೊನ್ನೆ ಬಾಬಾಸಾಹೇಬರ ಜಯಂತಿ ಆಯಿತು. ಸೋನು ತಲೆಗೆ ನೀಲಿ ಪಟಗಾ ಕಟ್ಟಿಕೊಂಡು ಮೆರವಣಿಗೆಯ ಮುಂದೆ ಕುಣಿದ. ಡಿಜೆ ನಮ್ಮ ಮನೆಯ ಮುಂದೆಯೇ ನಿಂತಿತ್ತು. ಇದ್ದಿದ್ದರೆ ನಿನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ನಿನ್ನ ಕಾಗದವನ್ನು ಹಾಸಿಗೆಯ ಕೆಳಗೆ ಹಾಕಿ, ಬರೆಯುವುದೇ ಇಲ್ಲ ಎಂದು ಕೂತೆ. ಸೋಮವ್ವ ನೋಡುವ ತನಕ ನೋಡಿ, "ನಿನಗ ತಂಗಿ ಬೇಕಾಗಿದ್ಲೋ, ಕಟ್ಟಿಸಿದ ಖೋಲಿಗೆ ಒಂದ ಆಳ ಬೇಕಾಗಿತ್ತೋ?" ಎಂದು ಕೇಳಿದಳು. ಕಾಗದವನ್ನು ಹಾಸಿಗೆಯ ಕೆಳಗಿನಿಂದ ತೆಗೆದು ಮತ್ತೆ ಓದಿದೆ. ಆ ಖೋಲಿಗೆ ಈಗ ಅವಳೇ ಹೋಗಿ ಸೇರಿದ್ದಾಳೆ. ನನ್ನ ಗೊರಕೆ ಅಲ್ಲಿಗೆ ಮುಟ್ಟುವುದಿಲ್ಲವಂತೆ. ಮದುವೆಯಾದ ಮೇಲೆ ಇಂಥ ನಿದ್ದೆ ಮಾಡಿಯೇ ಇರಲಿಲ್ಲ ಎಂದು ಕೇರಿಗೆಲ್ಲ ಹೇಳುತ್ತಾಳೆ, ಗೌಂಡಿಯನ್ನು ಕರೆಸಿ ಚಹಾ ಕುಡಿಸಿದಳು.

ಪುಲಿನ ಮೇಲೆ ನೀನು ನಿಂತಿದ್ದೆ ಎಂಬುದನ್ನು ನಾನು ಓದಿದ್ದು ಒಂದೇ ಸಲ ಅಲ್ಲ. ಆ ದಿನ ಗಾಡಿಯ ಕಿಟಕಿಯ ಸರಳಿಗೆ ಮುಖ ಒತ್ತಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹುಡುಕಿದೆ. ಕಾಣಲಿಲ್ಲ. ಬಿಟ್ಟು ಹೋಗುತ್ತಾನೆಂದು ಸಿಟ್ಟಾಗಿ ತಂಗಿ ಬರಲೇ ಇಲ್ಲ ಎಂದುಕೊಂಡು ಸೋಲಾಪುರದ ತನಕ ಬಂದೆ. ಮೇಲೆ ನೋಡಬೇಕು ಎಂದು ನನಗೆ ಹೊಳೆಯಲಿಲ್ಲ ಭಾಗಾ. ಇಷ್ಟು ವರ್ಷ ಬಾ ಬಾ ಎಂದು ಬರೆದದ್ದು ನಿನ್ನ ಸುಖಕ್ಕೆ ಎಂದು ತಿಳಿದಿದ್ದೆ. ಆ ದಿನ ಬರದವಳನ್ನು ಬರಿಸಬೇಕೆಂಬ ಹಟವೂ ಅದರಲ್ಲಿ ಇತ್ತೇನೋ. ನೀನು ಬಂದಿದ್ದೆ ಎಂದು ಈಗ ಗೊತ್ತಾಯಿತು. ಇನ್ನು ಕರೆಯುವುದಿಲ್ಲ.

ಮಳೆಗಾಲ ಕಳೆದ ಮೇಲೆ ನಾನೇ ಬರುತ್ತೇನೆ. ರೈಲಿನಲ್ಲಿ ಅಲ್ಲ. ಶುಭಮ ಟಿಕೀಟು ತೆಗೆಸಿಕೊಡುತ್ತಾನೆ, ಸೋಮವ್ವ ನಗುತ್ತಾಳೆ, ನಗಲಿ. ನನ್ನಂಥವನಿಗೆ ವಿಮಾನದಲ್ಲಿ ಕಿವಿಯ ತಂಟೆಯೂ ಇಲ್ಲ. ನೀನು ಕಿಟಕಿ ತೆರೆದು ಕೂತಿರು, ಇಳಿಯುವ ಸಾಲಿನಲ್ಲಿ ಒಂದರಲ್ಲಿ ನಾನು ಇರುತ್ತೇನೆ. ಆದರೆ ನಿನ್ನ ಕಟ್ಟಡ ಎಡಗಡೆ ಬರುತ್ತದೋ ಬಲಗಡೆಯೋ ನನಗೆ ಗೊತ್ತಿಲ್ಲ. ಯಾವ ಕಡೆಯ ಕಿಟಕಿಗೆ ಕೂರಬೇಕು, ಕಾಜಲಳನ್ನು ಕೇಳಿ ತಿಳಿಸು. ಸೀಟು ಮೊದಲೇ ಹೇಳಿಡಬೇಕಂತೆ. ಬೇಗ ಬರೆ.

ನಿನ್ನ ಅಣ್ಣ
ಭಗವಂತ